ಮೊದಲು ಆ ದೀಪ ಆರಿಸಿ

ಚಿತ್ರಶಾಲೆಯೊಳಗೆ ಹಾಡು, ಕುಣಿತ, ನಾಟಕ ಬೇಡ ಎನ್ನುವವರಿಗೆ ನನ್ನದೊಂದು ವಿನಂತಿ: ಮೊದಲು ಉದ್ಘಾಟನೆಯ ದೀಪ ಆರಿಸಿ. ಆಳೆತ್ತರದ ಹಿತ್ತಾಳೆ ಸಮೆ, ಅದರಲ್ಲಿ ತುಳುಕುವಷ್ಟು ಎಣ್ಣೆ, ಬುಡದಲ್ಲಿ ಚೆಂಡುಹೂವಿನ ರಾಶಿ. ಬತ್ತಿ ಹತ್ತಲೊಲ್ಲದು ಎಂದು ಫ್ಯಾನ್ ಬಂದ್ ಮಾಡಿಸುತ್ತಾರೆ. ಮೇಣದಬತ್ತಿ ಒಬ್ಬ ಅತಿಥಿಯಿಂದ ಇನ್ನೊಬ್ಬರ ಕೈಗೆ ದಾಟುತ್ತದೆ, ಫೋಟೊದವರು ‘ಸರ್, ಇನ್ನೊಂದು ಸಲ’ ಎನ್ನುತ್ತಾರೆ, ಇನ್ನೊಂದು ಸಲ ಹಚ್ಚುತ್ತಾರೆ. ಮಸಿ ಎಳೆಯಾಗಿ ಮೇಲೇರುತ್ತಿರುತ್ತದೆ. ನಾಲ್ಕು ಮಾರು ದೂರದಲ್ಲಿ ಯಾರದೋ ಜಲವರ್ಣ ಚಿತ್ರ ತೂಗುತ್ತಿರುತ್ತದೆ. ಆ ಹೊತ್ತಿನಲ್ಲಿ ಯಾರಿಗೂ ಕಾಗದದ ಆಯುಷ್ಯ ನೆನಪಾಗುವುದಿಲ್ಲ. ಮರುದಿನ ಒಬ್ಬ ಹುಡುಗಿ ಬಂದು, ಇದೇ ಕೋಣೆಯಲ್ಲಿ ಈ ಚಿತ್ರಗಳ ಮುಂದೆ ಅರ್ಧ ತಾಸು ಬರಿಗಾಲಲ್ಲಿ ಅಭಿನಯಿಸುತ್ತೇನೆ ಎಂದು ಕೇಳಲಿ, ಕಪಾಟಿನಿಂದ ನಿಯಮಾವಳಿ ಹೊರಬರುತ್ತದೆ.

ಗ್ಯಾಲರಿ ಎಂದರೆ ಮೌನ, ಚಿತ್ರವನ್ನು ಒಬ್ಬರೇ ನಿಂತು ನೋಡಬೇಕು, ಪಕ್ಕದಲ್ಲಿ ಗೆಜ್ಜೆ ಕಟ್ಟಿದರೆ ಏಕಾಗ್ರತೆ ಹಾಳು: ಇದು ವಿರೋಧಿಗಳ ಮೊದಲ ವಾದ. ಕೇಳಲು ಸರಿಯೆನಿಸುತ್ತದೆ. ಆದರೆ ಈ ಮೌನ ನಮ್ಮಲ್ಲಿ ಯಾವಾಗ ಇತ್ತು?

ನಮ್ಮ ಬೆಳಗಾವಿಯನ್ನೇ ನೋಡಿ. ಟಿಳಕವಾಡಿಯ ವರೇರಕರ್ ನಾಟ್ಯ ಸಂಘದಲ್ಲಿ ಚಿತ್ರಕಾರ ಕೆ.ಬಿ. ಕುಲಕರ್ಣಿ ಅವರ ಹೆಸರಿನ ಗ್ಯಾಲರಿ ಇದೆ. ನಾಟಕದವರ ಮನೆಯಲ್ಲೇ ಚಿತ್ರಕ್ಕೂ ಜಾಗ. ಚಿತ್ರ ಮಂದಿರ ಎಂಬ ಕಲಾಶಾಲೆ ಕಟ್ಟಿ, ರವಿ ಪರಾಂಜಪೆ, ಜಾನ್ ಫರ್ನಾಂಡಿಸ್ ಅವರಂಥ ಶಿಷ್ಯರನ್ನು ತಯಾರಿಸಿದ ಕುಲಕರ್ಣಿಯವರ ಊರಿದು. ಬೆಳಗಾವಿ, ಕೊಲ್ಹಾಪುರ, ಧಾರವಾಡಗಳ ಚಿತ್ರಕಾರರಲ್ಲಿ ಭಾವಚಿತ್ರದ ಪ್ರಾತ್ಯಕ್ಷಿಕೆ ಎಂಬುದೊಂದು ರೂಢಿಯಿದೆ. ರುಮಾಲು ಸುತ್ತಿದ ಅಜ್ಜನೊಬ್ಬ ಕುರ್ಚಿಯಲ್ಲಿ ಕೂಡುತ್ತಾನೆ. ಕಲಾವಿದ ಈಸೆಲ್ ಮುಂದೆ ನಿಲ್ಲುತ್ತಾನೆ. ಹಿಂದೆ ವಿದ್ಯಾರ್ಥಿಗಳು, ಮಾಸ್ತರರು, ದಾರಿಹೋಕರು. ಮೊದಲು ಇದ್ದಿಲಿನ ನಾಲ್ಕು ಗೆರೆ, ಆಮೇಲೆ ನೆರಳಿನ ದೊಡ್ಡ ತೇಪೆಗಳು. ಅರ್ಧ ತಾಸಿಗೆ ‘ಹೋಲಿಕೆ ಬಂತು’ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗುತ್ತಾರೆ. ಮುಂದಿನ ಹದಿನೈದು ನಿಮಿಷದಲ್ಲಿ ಹೋಲಿಕೆ ತಪ್ಪುತ್ತದೆ, ಗುಂಪು ಉಸಿರು ಬಿಗಿಹಿಡಿಯುತ್ತದೆ, ಕೊನೆಗೆ ಕಣ್ಣಿನ ಗೊಂಬೆಯ ಮೇಲೆ ಬಿಳಿಯ ಒಂದು ಚುಕ್ಕೆ ಬೀಳುತ್ತದೆ, ಚಪ್ಪಾಳೆ. ಇದು ನೇರ ಪ್ರದರ್ಶನವಲ್ಲದೆ ಮತ್ತೇನು? ಇದಕ್ಕೆ ವೇಷವಿದೆ, ಕಾಲಮಿತಿಯಿದೆ, ಪ್ರೇಕ್ಷಕರಿದ್ದಾರೆ, ಸೋಲುವ ಅಪಾಯವಿದೆ. ಕುಂಚ ಹಿಡಿದವನು ಮಾಡಿದರೆ ಕಲೆ, ಮೈಯನ್ನೇ ಕುಂಚ ಮಾಡಿಕೊಂಡವಳು ಮಾಡಿದರೆ ಗದ್ದಲ. ಈ ಭೇದ ನನಗೆ ಅರ್ಥವಾಗಿಲ್ಲ.

ಮೈಸೂರಿಗೆ ಹೋಗಿ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯಲ್ಲಿ ಚಿತ್ರಶಾಲೆಯೂ ಇದೆ, ಸಂಗೀತ ನೃತ್ಯಗಳ ಸಭಾಂಗಣವೂ ಇದೆ. ಅಲ್ಲಿ ಜನ ಮುಗಿಬಿದ್ದು ನೋಡುವ ಹಲ್ದಣಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ಕತ್ತಲು ಮಾಡಿದ ಕೋಣೆಯಲ್ಲಿಟ್ಟು ತೋರಿಸುತ್ತಾರೆ, ದೀಪದ ಬೆಳಕು ಅವಳ ಮುಖದ ಮೇಲೆ ನಿಜವಾಗಿ ಬಿದ್ದಂತೆ ಕಾಣಲಿ ಎಂದು. ಅದು ರಂಗಸಜ್ಜಿಕೆ. ಅದನ್ನು ನಾಟಕೀಯ ಎಂದು ಯಾರೂ ದೂರಿಲ್ಲ.

ಇನ್ನು ಬೆಂಗಳೂರು. ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ಯಾರ ಹೆಸರಿನದು? ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಚಿತ್ರ ಕಲಿತು, ಮೈಸೂರಿನಲ್ಲಿ ವೀಣೆ ಶೇಷಣ್ಣನವರ ಶಿಷ್ಯರಾಗಿ ವೀಣೆ ಕಲಿತ ಕೆ. ವೆಂಕಟಪ್ಪನವರದು (1886–1965). ಊಟಿಯ ಮಂಜನ್ನು ಕಾಗದಕ್ಕೆ ಇಳಿಸಿದ ಕೈಯೇ ತಂತಿಯನ್ನೂ ಮೀಟುತ್ತಿತ್ತು. ವೈಣಿಕನ ಹೆಸರಿನ ಚಿತ್ರಶಾಲೆಯಲ್ಲಿ ವೀಣೆಯ ನಾದದಿಂದ ಚಿತ್ರಕ್ಕೆ ಭಂಗ ಎಂದರೆ ಅವರೇ ನಕ್ಕಾರು.

ಅದೇ ಚಿತ್ರಶಾಲೆಯ ಇನ್ನೊಂದು ಕತೆಯನ್ನೂ ನೆನಪಿಸಬೇಕು. 2015ರಲ್ಲಿ ಸರ್ಕಾರ ಅದನ್ನು ದತ್ತು ಯೋಜನೆಯಡಿ ತಸ್ವೀರ್ ಫೌಂಡೇಶನ್ ಎಂಬ ಖಾಸಗಿ ಪ್ರತಿಷ್ಠಾನಕ್ಕೆ ವಹಿಸಲು ಒಪ್ಪಂದ ಮಾಡಿಕೊಂಡಿತು. ಬಾಡಿಗೆ ಕೈಗೆಟಕುವ, ಹೆಸರಿಲ್ಲದ ಹುಡುಗರೂ ಮೊದಲ ಪ್ರದರ್ಶನ ಮಾಡಬಹುದಾದ ಜಾಗ ಕೈತಪ್ಪುತ್ತದೆಂದು ಕಲಾವಿದರು ಒಟ್ಟಾದರು. 2016ರಲ್ಲಿ ಅವರು ಬರೀ ಮನವಿಪತ್ರ ಹಿಡಿದು ನಿಲ್ಲಲಿಲ್ಲ. ಅಂಗಳದಲ್ಲಿ ಚಿತ್ರ ಬರೆದರು, ಹಾಡಿದರು, ಅಭಿನಯಿಸಿದರು. ಕೊನೆಗೆ ಆ ಪ್ರತಿಷ್ಠಾನದ ಮ್ಯೂಸಿಯಂ ಅದೇ ರಸ್ತೆಯಲ್ಲಿ ಬೇರೆ ಜಾಗದಲ್ಲಿ ಎದ್ದು 2023ರಲ್ಲಿ ಬಾಗಿಲು ತೆರೆಯಿತು. ಇರಲಿ, ಊರಿಗೆ ಇನ್ನೊಂದು ಚಿತ್ರಶಾಲೆಯಾದರೆ ನಷ್ಟವೇನಿಲ್ಲ. ನಾನು ಹೇಳುವುದು ಇಷ್ಟು: ಸಾರ್ವಜನಿಕ ಗೋಡೆಗಳು ಸಾರ್ವಜನಿಕರಲ್ಲೇ ಉಳಿಯಲಿ ಎಂದು ಬೀದಿಗೆ ಬಂದವರಲ್ಲಿ ಹಾಡುವವರೂ ಅಭಿನಯಿಸುವವರೂ ಇದ್ದರು. ಅಂಗಳ ಕಾಯಲು ಬೇಕಾದವರು ಒಳಗೆ ಬೇಡವೆ?

ಚಿತ್ರಗಳ ಸಂರಕ್ಷಣೆಯ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಜಲವರ್ಣಕ್ಕೆ ಐವತ್ತು ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು, ತೈಲವರ್ಣಕ್ಕೆ ಇನ್ನೂರರವರೆಗೆ ಅಡ್ಡಿಯಿಲ್ಲ ಎಂಬುದು ಮ್ಯೂಸಿಯಂನವರ ಲೆಕ್ಕ. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದಲೂ ನೂರು ವಾಟ್‌ನ ಬಲ್ಬಿನಷ್ಟು ಶಾಖ ಹೊರಡುತ್ತದೆ, ಉಸಿರಿನಲ್ಲಿ ತೇವ ಸೇರುತ್ತದೆ. ಖಾನಾಪುರದ ಕಣಕುಂಬಿ ಕಡೆಯಿಂದ ಬರುವ ಆಷಾಢದ ಮಳೆಯಲ್ಲಿ ನಮ್ಮ ಮನೆಯ ಪುಸ್ತಕಗಳೇ ಬೂಷ್ಟು ಹಿಡಿಯುತ್ತವೆ, ಇನ್ನು ಒದ್ದೆ ಕೊಡೆಗಳೊಂದಿಗೆ ಇನ್ನೂರು ಜನ ಒಂದೇ ಕೋಣೆಗೆ ನುಗ್ಗಿದರೆ ಕ್ಯಾನ್ವಾಸು ಸಡಿಲಾಗುವುದು ಸಹಜ. ಅಬ್ಬರದ ಧ್ವನಿವರ್ಧಕದ ಅದುರು ಹಳೆಯ ಬಣ್ಣದ ಪದರಕ್ಕೆ ಒಳ್ಳೆಯದಲ್ಲ. ಒಪ್ಪಿದೆ. ಇದಕ್ಕೆ ಉತ್ತರವೂ ಸುಲಭ: ಜನರ ಸಂಖ್ಯೆಗೆ ಮಿತಿ, ಧ್ವನಿವರ್ಧಕ ಇಲ್ಲ, ಸ್ಪಾಟ್‌ಲೈಟ್ ಇಲ್ಲ, ಚಿತ್ರದಿಂದ ಇಷ್ಟು ಅಡಿ ದೂರ, ನಾಜೂಕಾದವನ್ನು ಆ ದಿನ ಬೇರೆ ಕೋಣೆಗೆ. ಈ ನಿಯಮ ಗೆಜ್ಜೆ ಕಟ್ಟಿದವಳಿಗೂ ಇರಲಿ, ಹಾರ ಹಾಕಿಸಿಕೊಳ್ಳುವ ಮಂತ್ರಿಗೂ ಇರಲಿ. ಒಬ್ಬರಿಗೆ ಮಾತ್ರ ಅನ್ವಯಿಸುವ ಸಂರಕ್ಷಣೆಯನ್ನು ನಾನು ನೆಪ ಎನ್ನುತ್ತೇನೆ.

ನೆಪದ ಹಿಂದೆ ಅಂಜಿಕೆಯಿದೆ. ಅವರು ಅಂಜುವುದು ಸದ್ದಿಗಲ್ಲ, ಮಾತಿಗೆ. 2019ರ ಫೆಬ್ರವರಿಯಲ್ಲಿ ಮುಂಬೈನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಚಿತ್ರಕಾರ ಪ್ರಭಾಕರ ಬರ್ವೆ ಅವರ ಪ್ರದರ್ಶನದ ಉದ್ಘಾಟನೆ ನಡೆದಿತ್ತು. ನಟ ಅಮೋಲ್ ಪಾಲೇಕರ್ ಮಾತಿಗೆ ನಿಂತು, ಮುಂಬೈ ಮತ್ತು ಬೆಂಗಳೂರು ಕೇಂದ್ರಗಳ ಸ್ಥಳೀಯ ಕಲಾವಿದರ ಸಲಹಾ ಸಮಿತಿಗಳನ್ನು ಕೈಬಿಟ್ಟದ್ದನ್ನು ಪ್ರಶ್ನಿಸಿದರು. ವೇದಿಕೆಯಲ್ಲಿದ್ದವರು ಮತ್ತೆ ಮತ್ತೆ ತಡೆದರು, ಭಾಷಣ ಅರ್ಧಕ್ಕೇ ನಿಂತಿತು. ಆ ಮಾತಿಗೆ ಬಣ್ಣ ಉದುರುತ್ತಿತ್ತೆ, ತೇವ ಏರುತ್ತಿತ್ತೆ? ಅಲ್ಲಿ ಅಡ್ಡಿಯಾದದ್ದು ನಿಗದಿಯಾದ ವಿಷಯ ಬಿಟ್ಟು ಆಡಿದ ಮಾತು. ನೇರ ಪ್ರದರ್ಶನದ ಸ್ವಭಾವವೇ ಅದು, ಮೊದಲೇ ತಿದ್ದಿ ಮೊಹರು ಹಾಕಲು ಬರುವುದಿಲ್ಲ. ತೂಗುಹಾಕಿದ ಚಿತ್ರ ಸುಮ್ಮನಿರುತ್ತದೆ ಎಂಬ ನಂಬಿಕೆಯೂ ಹುಸಿ. 2022ರ ಡಿಸೆಂಬರಿನಲ್ಲಿ ಇಲ್ಲೇ ಸುವರ್ಣ ವಿಧಾನಸೌಧದಲ್ಲಿ ಸಾವರ್ಕರ್ ಭಾವಚಿತ್ರ ಗೋಡೆಗೇರಿದ ದಿನ, ವಿರೋಧ ಪಕ್ಷದವರು ಬೇರೆ ಬೇರೆ ಮಹನೀಯರ ಫೋಟೊ ಹಿಡಿದು ಹೊರಗೆ ಧರಣಿ ಕೂತರು. ಪರವೋ ವಿರೋಧವೋ, ಒಂದು ಚಿತ್ರ ಅಷ್ಟೂ ಜನರನ್ನು ಎಬ್ಬಿಸಿ ಕೂರಿಸಿತ್ತು.

ಪ್ರದರ್ಶನ ಬೇಕು ಎನ್ನುವವರ ಮೇಲೂ ನನಗೆ ಸಿಟ್ಟಿದೆ, ಬಹುಶಃ ಹೆಚ್ಚೇ ಇದೆ. ಅವರು ಕರೆಯುವುದು ಹೇಗೆ? ಬಾಗಿಲಲ್ಲಿ ಡೊಳ್ಳು, ಅತಿಥಿಗಳು ಒಳಗೆ ಹೋಗುವವರೆಗೆ. ಆಮೇಲೆ ಡೊಳ್ಳಿನವರು ಹೊರಗೆ ಕಟ್ಟೆಯ ಮೇಲೆ ಉಪ್ಪಿಟ್ಟು ತಿಂದು ಟೆಂಪೊ ಹತ್ತಬೇಕು. ಅವರು ಒಳಗಿನ ಒಂದು ಚಿತ್ರವನ್ನೂ ನೋಡಿರುವುದಿಲ್ಲ. ಆಹ್ವಾನಪತ್ರಿಕೆಯಲ್ಲಿ ಅವರ ಹೆಸರು ‘ಸಾಂಸ್ಕೃತಿಕ ಕಾರ್ಯಕ್ರಮ’. ಅಂಗೈಯಗಲದ ಚಿತ್ರಕ್ಕೂ ಕಲಾವಿದನ ಹೆಸರು, ಮಾಧ್ಯಮ, ವರ್ಷ ಬರೆದ ಚೀಟಿ ಅಂಟಿಸುವವರಿಗೆ, ಹತ್ತು ಜನ ಬೆವರು ಸುರಿಸಿ ಬಾರಿಸಿದ್ದಕ್ಕೆ ಒಂದು ಹೆಸರು ಹೊಳೆಯುವುದಿಲ್ಲ.

ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ 2010ರಲ್ಲಿ ಪ್ರದರ್ಶನ ಕಲಾವಿದೆ ಮರೀನಾ ಅಬ್ರಮೋವಿಚ್ ಸುಮಾರು ಮೂರು ತಿಂಗಳು ದಿನವಿಡೀ ಕುರ್ಚಿಯಲ್ಲಿ ಮಾತಿಲ್ಲದೆ ಕೂತರು, ಎದುರಿನ ಕುರ್ಚಿಗೆ ಜನ ಒಬ್ಬೊಬ್ಬರಾಗಿ ಬಂದು ಕೂತೆದ್ದು ಹೋದರು. ಚೋರ್ಲಾ ಘಾಟಿ ಇಳಿದರೆ ಸಿಗುವ ಗೋವಾದ ನಿಖಿಲ್ ಚೋಪ್ರಾ 2019ರಲ್ಲಿ ನ್ಯೂಯಾರ್ಕಿನದೇ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಒಂಬತ್ತು ದಿನ ವೇಷ ಬದಲಿಸುತ್ತ, ಚಿತ್ರ ಬರೆಯುತ್ತ, ಕೋಣೆಯಿಂದ ಕೋಣೆಗೆ ಅಲೆದರು. ಇವುಗಳ ಬಗ್ಗೆ ನಮ್ಮ ಕಲಾಶಾಲೆಗಳಲ್ಲಿ ಉಪನ್ಯಾಸ ಆಗುತ್ತವೆ, ಆಗಲಿ. ಆದರೆ ದೀರ್ಘಾವಧಿಯ ಪ್ರದರ್ಶನ ನಮಗೆ ಹೊಸದೆಂಬಂತೆ ಹೇಳಬೇಡಿ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಬೆಳೆಸಿದ ಶ್ರೀಕೃಷ್ಣ ಪಾರಿಜಾತದ ಆಟ ಇದೇ ಬೆಳಗಾವಿ ಜಿಲ್ಲೆಯದು, ಕತ್ತಲಾದ ಮೇಲೆ ಶುರುವಾದರೆ ಬೆಳಗಾಗಬೇಕು. ಪಾರಿಜಾತದವರನ್ನು ಕರೆಸಿ ‘ಹತ್ತು ನಿಮಿಷದಲ್ಲಿ ಮುಗಿಸಿರಿ, ಸಾಹೇಬರು ಹೊರಡಬೇಕು’ ಎನ್ನುವ ಬಾಯಿಯೇ ಅಬ್ರಮೋವಿಚ್ ತಾಳ್ಮೆಯನ್ನು ಹೊಗಳುತ್ತದೆ.

ನಾನು ಇರುವುದು ಹಿಂಡಲಗಾದಲ್ಲಿ. ಹೊರಗಿನವರಿಗೆ ನಮ್ಮೂರೆಂದರೆ 1923ರಲ್ಲಿ ಕಟ್ಟಿದ ಜೈಲು. ಆದ್ದರಿಂದ ಒಂದು ಹೋಲಿಕೆ ಬೇಡವೆಂದರೂ ತಲೆಯಲ್ಲಿ ಸುಳಿಯುತ್ತದೆ. ರಂಗಾಯಣದ ಹುಲುಗಪ್ಪ ಕಟ್ಟೀಮನಿ ಕರ್ನಾಟಕದ ಜೈಲುಗಳಿಗೆ ನಾಟಕ ಒಯ್ದರು. ಎಚ್.ಎಸ್. ಶಿವಪ್ರಕಾಶ್ ಕನ್ನಡಕ್ಕೆ ತಂದ ಮ್ಯಾಕ್‌ಬೆತ್, ‘ಮಾರನಾಯಕನ ದೃಷ್ಟಾಂತ’ವನ್ನು ಕೈದಿಗಳು ಆಡಿದರು. ಕೊಲೆ ಮಾಡಿ ಬಂದವನು ಕೊಲೆಯ ಪಾತ್ರ ಮಾಡಲು ಬಂದೀಖಾನೆಯ ಅಧಿಕಾರಿಗಳು ಒಪ್ಪಿದರು. ಬೀಗ, ಪಹರೆ, ಎಣಿಕೆ ಎಲ್ಲ ಇದ್ದ ಜಾಗದಲ್ಲಿ ಸಾಧ್ಯವಾದದ್ದು ಟಿಕೆಟ್ ಕೊಟ್ಟು ಒಳಗೆ ಬಿಡುವ ಜಾಗದಲ್ಲಿ ಆಗುವುದಿಲ್ಲವೆಂದರೆ ನಂಬುವುದು ಕಷ್ಟ.

ಅಧಿವೇಶನಕ್ಕೆಂದು ಡಿಸೆಂಬರಿನಲ್ಲಿ ಸರ್ಕಾರವೇ ಬೆಳಗಾವಿಗೆ ಬಂದು ಕೂಡುತ್ತದೆ. ಅದೇ ಹೊತ್ತಿಗೆ ಘಾಟಿಯ ಕೆಳಗೆ ಪಣಜಿಯಲ್ಲಿ 2016ರಿಂದ ಸೆರೆಂಡಿಪಿಟಿ ಉತ್ಸವ ಹಳೆಯ ಕಟ್ಟಡಗಳಲ್ಲಿ ಚಿತ್ರ, ನಾಟಕ, ಸಂಗೀತಗಳನ್ನು ಒಟ್ಟಿಗೆ ತೆರೆದಿಡುತ್ತ ಬಂದಿದೆ. ನಮ್ಮ ಹುಡುಗರು ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಾರೆ. ಸಂಸ್ಕೃತಿ ಖಾತೆಯ ಸಚಿವರನ್ನು ಈ ಸಲ ಕೇಳಬೇಕಾದದ್ದು ಹೊಸ ಕಟ್ಟಡವಲ್ಲ. ಸರ್ಕಾರಿ ಚಿತ್ರಶಾಲೆಗಳಲ್ಲಿ ನೇರ ಪ್ರದರ್ಶನಕ್ಕೆ ಒಂದು ಲಿಖಿತ ನಿಯಮ ಮಾಡಿ, ಅದನ್ನು ಬರೆಯಲು ಸಂರಕ್ಷಣೆ ಬಲ್ಲವರ ಜತೆ ಕಲಾವಿದರನ್ನೂ ಕೂರಿಸಿ. ಅನುಮತಿ ಕೊಡುವಾಗ ಜನ ಎಷ್ಟು, ಬೆಳಕು ಎಷ್ಟು ಎಂದು ಕೇಳಿ. ಏನು ಮಾತಾಡುತ್ತೀರಿ ಎಂದು ಕೇಳಬೇಡಿ. ಪಾರಿಜಾತದವರನ್ನು ಕರೆದರೆ ಗೋಡೆಯ ಮೇಲೆ ಅವರ ಹೆಸರಿನ ಚೀಟಿ ಇರಲಿ, ಆಟಕ್ಕೆ ಮುಂಚೆ ಅವರಿಗೆ ಚಿತ್ರಗಳನ್ನು ತೋರಿಸಿ, ಸಂಭಾವನೆ ಅಂದೇ ಕೈಗೆ ಸಲ್ಲಲಿ.