ಬಸ್ಸಿಲ್ಲದ ಬಸ್ ಪಥ

ದಕ್ಷಿಣ ದೆಹಲಿಯ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗಿನ 5.8 ಕಿಲೋಮೀಟರ್ ರಸ್ತೆಯಲ್ಲಿ ನಡೆದುದನ್ನು ರಾಜಧಾನಿ ಇಷ್ಟು ಬೇಗ ಮರೆಯಬಾರದಿತ್ತು. 2008ರ ಏಪ್ರಿಲ್‌ನಲ್ಲಿ ಶೀಲಾ ದೀಕ್ಷಿತ್ ಸರ್ಕಾರವು ಆ ರಸ್ತೆಯ ನಡುವಿನ ಪಥಗಳನ್ನು ಬಸ್ಸುಗಳಿಗೆಂದೇ ಮೀಸಲಿಟ್ಟಿತು. ಕಾರು, ಆಟೊ, ಸ್ಕೂಟರುಗಳೆಲ್ಲ ಉಳಿದೆರಡು ಪಥಗಳಲ್ಲಿ ಇಕ್ಕಟ್ಟಾಗಿ ಸಾಗಬೇಕಾಯಿತು. ಚಿರಾಗ್ ದಿಲ್ಲಿಯ ಸಿಗ್ನಲ್ಲಿನಲ್ಲಿ ವಾಹನಗಳ ಸಾಲು ಕರಗದೆ ನಿಂತಿತು. ಬಸ್ ಪಥಕ್ಕೆ ನುಗ್ಗುವವರನ್ನು ತಡೆಯಲು ಮಾರ್ಷಲ್‌ಗಳನ್ನು ನೇಮಿಸಬೇಕಾಯಿತು. ದೆಹಲಿ ಗೇಟ್‌ವರೆಗೆ 14.5 ಕಿಲೋಮೀಟರ್ ಸಾಗಬೇಕಿದ್ದ ಯೋಜನೆ ಮೂಲ್‌ಚಂದ್‌ನಿಂದ ಮುಂದಕ್ಕೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. 2015ರಲ್ಲಿ ಕೇಜ್ರಿವಾಲ್ ಸರ್ಕಾರ ಅದನ್ನು ಕೈಬಿಡಲು ನಿರ್ಧರಿಸಿತು. 2016ರಲ್ಲಿ ಯಂತ್ರಗಳು ಬಂದು ತಡೆಗೋಡೆಗಳನ್ನು ಕಿತ್ತುಹಾಕಿದವು. ಕಟ್ಟಿದ ಖರ್ಚೂ ಕೆಡವಿದ ಖರ್ಚೂ ಬಿದ್ದುದು ಒಬ್ಬನೇ ತೆರಿಗೆದಾರನ ತಲೆಯ ಮೇಲೆ.

ಆದರೂ ಆ ಆಸೆ ಸತ್ತಿಲ್ಲ. 2022ರ ಏಪ್ರಿಲ್ 1ರಿಂದ ಅದೇ ಕೇಜ್ರಿವಾಲ್ ಸರ್ಕಾರ ಗುರುತಿಸಿದ 46 ರಸ್ತೆಗಳ ಪೈಕಿ ಮೊದಲ ಹಂತದಲ್ಲಿ 15ರಲ್ಲಿ ಎಡಬದಿಯ ಪಥವನ್ನು ಬಸ್ಸುಗಳಿಗೂ ಸರಕು ವಾಹನಗಳಿಗೂ ಮೀಸಲಿಟ್ಟು, ತಪ್ಪಿದವರಿಗೆ 10,000 ರೂಪಾಯಿಯವರೆಗೆ ದಂಡವನ್ನು ಘೋಷಿಸಿತು. ಪ್ರತಿ ಚಳಿಗಾಲದಲ್ಲಿ ಹೊಗೆ ಕವಿದಾಗಲೆಲ್ಲ ಕಾರುಗಳ ಪಥವನ್ನು ಕಿತ್ತು ಬಸ್ಸಿಗೆ ಕೊಡಬೇಕೆಂಬ ಸಲಹೆ ಮತ್ತೆ ತಲೆಯೆತ್ತುತ್ತದೆ. ಅದನ್ನು ಈಗಲೂ ವಿರೋಧಿಸಬೇಕಾಗಿದೆ. ಬಸ್ಸನ್ನು ನಂಬಿದವರ ಹಿತಕ್ಕಾಗಿಯೇ ವಿರೋಧಿಸಬೇಕಾಗಿದೆ.

ಬಸ್ ಪಥದ ಪರವಾದಿಗಳ ವಾದ ಹುರುಳಿಲ್ಲದ್ದಲ್ಲ. ಒಂದು ಬಸ್ಸಿನಲ್ಲಿ ಐವತ್ತು ಅರುವತ್ತು ಜನ, ಒಂದು ಕಾರಿನಲ್ಲಿ ಒಬ್ಬರೋ ಇಬ್ಬರೋ. ಆದುದರಿಂದ ರಸ್ತೆಯನ್ನು ವಾಹನಗಳ ಲೆಕ್ಕದಲ್ಲಲ್ಲ, ಜನರ ಲೆಕ್ಕದಲ್ಲಿ ಹಂಚಬೇಕೆಂಬುದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲಿಯೇ ಇದೆ. ಮೂಲ್‌ಚಂದ್ ರಸ್ತೆಯಲ್ಲಿ ಬಸ್ಸಿನೊಳಗೆ ಕುಳಿತವರಿಗೆ ಸಮಯ ಉಳಿದದ್ದೂ ನಿಜ. 2012ರಲ್ಲಿ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆಯ ಅಧ್ಯಯನವು ಪ್ರತ್ಯೇಕ ಪಥವಿಲ್ಲದಿರುವುದೇ ಲೇಸೆಂದರೂ ದೆಹಲಿ ಉಚ್ಚ ನ್ಯಾಯಾಲಯ ಯೋಜನೆಯ ವಿರುದ್ಧದ ಅರ್ಜಿಯನ್ನು ಅದೇ ವರ್ಷ ವಜಾ ಮಾಡಿತು. ನ್ಯಾಯಾಲಯದಲ್ಲಿ ಗೆದ್ದ ಯೋಜನೆ ನಾಲ್ಕೇ ವರ್ಷಗಳಲ್ಲಿ ರಸ್ತೆಯಿಂದ ಏಕೆ ಮರೆಯಾಯಿತು? ಕಾರಿನವರ ಕೂಗು ಜೋರಾಗಿತ್ತೆಂಬ ಉತ್ತರ ಸುಲಭವಾದುದು, ಅಷ್ಟೇ ಅಪೂರ್ಣವಾದುದು.

ಪೂರ್ಣ ಉತ್ತರ ಬಸ್ಸುಗಳ ಎಣಿಕೆಯಲ್ಲಿದೆ. 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು 2001ರ ಏಪ್ರಿಲ್ 1ರ ಹೊತ್ತಿಗೆ ದೆಹಲಿಯಲ್ಲಿ 10,000 ಬಸ್ಸುಗಳಿರಬೇಕೆಂದು ಆದೇಶಿಸಿತು. ಆ ಗಡುವು ಕಳೆದು ಕಾಲು ಶತಮಾನವಾಗುತ್ತ ಬಂದರೂ ಆ ಸಂಖ್ಯೆಯನ್ನು ನಗರ ಮುಟ್ಟಿಲ್ಲ. ಈ ನಡುವೆ ಜನಸಂಖ್ಯೆಯೇನೂ ಕಾದು ಕುಳಿತಿರಲಿಲ್ಲ. 2025ರ ಮಾರ್ಚ್‌ನಲ್ಲಿ ದೆಹಲಿ ವಿಧಾನಸಭೆಯ ಮುಂದೆ ಬಂದ ಮಹಾಲೇಖಪಾಲರ ವರದಿಯನ್ನು ಓದಿದರೆ ಚಿತ್ರ ಇನ್ನೂ ಕಠೋರ: ದೆಹಲಿ ಸಾರಿಗೆ ನಿಗಮದ ಬಳಿ 2015-16ರಲ್ಲಿ 4,344 ಬಸ್ಸುಗಳಿದ್ದವು, 2022-23ಕ್ಕೆ 3,937 ಉಳಿದವು. 2022ರ ಮಾರ್ಚ್ 31ರಂದು 814 ಮಾರ್ಗಗಳ ಪೈಕಿ ನಿಗಮ ಬಸ್ಸು ಓಡಿಸುತ್ತಿದ್ದುದು 468ರಲ್ಲಿ ಮಾತ್ರ. ದಿನಾಂಕವನ್ನು ಗಮನಿಸಬೇಕು. ಅದರ ಮರುದಿನವೇ, ಏಪ್ರಿಲ್ 1ರಂದು, ಅದೇ ನಗರದಲ್ಲಿ ಬಸ್ ಪಥದ ದಂಡ ಜಾರಿಗೆ ಬಂದಿತು!

ಯಾವುದೇ ಲೆಕ್ಕಪರಿಶೋಧಕನ ಮುಂದೆ ಇಂಥ ಜಮಾಖರ್ಚನ್ನು ಇಟ್ಟರೆ ಅವನು ಮೊದಲು ಕೇಳುವುದು, ಹೊಸ ಬಂಡವಾಳ ಎಲ್ಲಿ ಎಂದು. ಪಥವನ್ನು ಕಾರಿನಿಂದ ಬಸ್ಸಿಗೆ ವರ್ಗಾಯಿಸುವುದು ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಮೊತ್ತ ಬರೆದಂತೆ. ಆಸ್ತಿ ಹೆಚ್ಚಲಿಲ್ಲ, ಹೊಣೆ ತೀರಲಿಲ್ಲ. ಪುಟ ಮಾತ್ರ ತುಂಬಿತು. ಒಂದು ಉದಾಹರಣೆಯ ಲೆಕ್ಕವನ್ನು ನೋಡಬಹುದು. ಗಂಟೆಗೆ 12 ಕಿಲೋಮೀಟರ್ ವೇಗದ ಬಸ್ಸಿಗೆ 5.8 ಕಿಲೋಮೀಟರ್ ದಾಟಲು 29 ನಿಮಿಷ ಬೇಕು. ಪ್ರತ್ಯೇಕ ಪಥದಿಂದ ವೇಗ 20ಕ್ಕೆ ಏರಿದರೆ ಸುಮಾರು 17 ನಿಮಿಷ ಸಾಕು. ಪ್ರಯಾಣಿಕನಿಗೆ ಉಳಿದುದು 12 ನಿಮಿಷ. ಅದೇ ಮಾರ್ಗದಲ್ಲಿ ಗಂಟೆಗೊಂದು ಬಸ್ಸಿದ್ದರೆ ಅವನು ನಿಲ್ದಾಣದಲ್ಲಿ ಸರಾಸರಿ 30 ನಿಮಿಷ ಕಾಯುತ್ತಾನೆ. ಹತ್ತು ನಿಮಿಷಕ್ಕೊಂದು ಬಂದರೆ 5 ನಿಮಿಷ. ಬಸ್ಸು ಹೆಚ್ಚಿಸಿದರೆ 25 ನಿಮಿಷ, ಪಥ ಕಿತ್ತುಕೊಂಡರೆ 12. ಮೊದಲನೆಯದರಿಂದ ಯಾರ ರಸ್ತೆಯೂ ಹೋಗುವುದಿಲ್ಲ. ಎರಡನೆಯದನ್ನು ಸರ್ಕಾರಗಳು ಆರಿಸಿಕೊಳ್ಳುವುದೇಕೆಂದರೆ ಬಣ್ಣ ಬಳಿಯಲು ಒಂದು ರಾತ್ರಿ ಸಾಕು, ಬಸ್ಸು ಕೊಳ್ಳಲು ಟೆಂಡರು, ಡಿಪೊ, ಚಾಲಕರು ಬೇಕು. 2019ರ ಅಕ್ಟೋಬರ್‌ನಲ್ಲಿ ದೆಹಲಿಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟು ಉಚಿತವಾಯಿತು. ನಿಲ್ದಾಣದಲ್ಲಿ ಕಳೆಯುವ ಹೊತ್ತಿನ ಬೆಲೆಯನ್ನು ಮಾತ್ರ ಅವರೇ ತೆರುತ್ತಿದ್ದಾರೆ.

ಅಪರಿಗ್ರಹವನ್ನು ಬೋಧಿಸುವ ಸಮಾಜವೊಂದು ಕಾರಿನ ಪರ ವಾದಿಸುವುದು ಶೋಭೆಯೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಮನೆಯಲ್ಲಿ ಮೂವರಿಗೆ ನಾಲ್ಕು ಕಾರು ಇಟ್ಟುಕೊಂಡ ಶ್ರಾವಕರು ಈ ಮಾತನ್ನು ಕೇಳಿಸಿಕೊಳ್ಳಬೇಕು. ಆದರೆ ಅಣುವ್ರತವೆಂಬುದು ಶ್ರಾವಕನು ತಾನಾಗಿ ಕೈಗೊಳ್ಳುವಂಥದು; ಬೇರೆ ದಾರಿಯನ್ನು ಕೊಡದೆ ಇದ್ದ ದಾರಿಯನ್ನು ಸರ್ಕಾರ ಕಿತ್ತುಕೊಂಡರೆ ಅದಕ್ಕೆ ತ್ಯಾಗವೆಂಬ ಹೆಸರು ಸಲ್ಲದು. ಮೆಟ್ರೊ ಇನ್ನೂ ತಲುಪದ ಗ್ರೇಟರ್ ನೊಯ್ಡಾ ವೆಸ್ಟ್‌ನಲ್ಲಿ ಮನೆ ಮಾಡಿರುವ ಕುಟುಂಬವೊಂದು ಹುಬ್ಬಳ್ಳಿಯಿಂದ ಬಂದ ಅಜ್ಜಿಯನ್ನು ಚಾಂದನಿ ಚೌಕದ ಲಾಲ್ ಮಂದಿರಕ್ಕೆ ಕರೆದೊಯ್ದಿತೆನ್ನೋಣ. ಡಿಸೆಂಬರ್‌ನ ದೆಹಲಿಯಲ್ಲಿ ಐದೂವರೆಗೇ ಸೂರ್ಯ ಮುಳುಗುತ್ತಾನೆ. ರಾತ್ರಿಭೋಜನ ತ್ಯಜಿಸಿದ ಅಜ್ಜಿ ಅದಕ್ಕೆ ಮುನ್ನ ಮನೆ ಸೇರಿ ಊಟ ಮುಗಿಸಬೇಕು. ಮೆಟ್ರೊ ಇಳಿದ ಮೇಲೂ ಉಳಿಯುವ ಮೈಲಿಗಳಿಗೆ ಉತ್ತರ ಪ್ರದೇಶದ ಬಸ್ಸು ಯಾವಾಗ ಬಂದೀತೆಂದು ಹೇಳುವವರಿಲ್ಲ. ಮಂಡಿ ನೋವಿನ ವೃದ್ಧೆಗೆ ಆ ಮನೆಯ ಒಂದು ಸಣ್ಣ ಕಾರು ಭೋಗದ ವಸ್ತುವೆಂದು ಯಾರು ಹೇಳಬಲ್ಲರು? ದೆಹಲಿ, ನೊಯ್ಡಾ, ಗುರುಗ್ರಾಮಗಳನ್ನು ಆಳುವ ಸರ್ಕಾರಗಳು ಮೂರು. ಪ್ರಯಾಣ ಮಾತ್ರ ಒಂದೇ. ದೆಹಲಿಯ ಪಥ ಗಡಿಯಲ್ಲಿ ನಿಲ್ಲುತ್ತದೆ, ಕೆಲಸಕ್ಕೆ ಹೋಗುವವನು ನಿಲ್ಲುವಂತಿಲ್ಲ.

ಎಡಬದಿಯ ಪಥಕ್ಕೆ ಇನ್ನೊಂದು ತೊಡಕಿದೆ. ಪಾದಚಾರಿ ಮಾರ್ಗಗಳನ್ನು ಅಂಗಡಿಗಳೂ ನಿಲ್ಲಿಸಿದ ವಾಹನಗಳೂ ಆಕ್ರಮಿಸಿರುವ ಈ ನಗರದಲ್ಲಿ ನಡೆಯುವವರೂ, ಸೈಕಲ್ಲಿನವರೂ, ಇ-ರಿಕ್ಷಾಗಳೂ ಬಳಸುವುದು ಆ ಅಂಚನ್ನೇ. ವಿಹಾರದಲ್ಲಿರುವ ಮುನಿಗಳೂ ಆರ್ಯಿಕೆಯರೂ ಬರಿಗಾಲಲ್ಲಿ ನಡೆಯುವುದು ಅಲ್ಲಿಯೇ. ಆ ಅಂಚಿನಲ್ಲಿ ಬಸ್ಸನ್ನೂ ಲಾರಿಯನ್ನೂ ವೇಗವಾಗಿ ಓಡಿಸುವ ಮೊದಲು ನಡೆಯುವವರಿಗೆ ಜಾಗ ಬಿಡಿಸಿಕೊಡುವುದು ಯಾರ ಕರ್ತವ್ಯ?

ಕರ್ನಾಟಕದ ಅನುಭವವೂ ಇದಕ್ಕೆ ದೂರವಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ 2018ರಿಂದ ಓಡುತ್ತಿರುವ ‘ಚಿಗರಿ’ಗೆ ರಸ್ತೆಯನ್ನು ಅಗಲಗೊಳಿಸಲಾಯಿತು, ಹವಾನಿಯಂತ್ರಿತ ಹೊಸ ಬಸ್ಸುಗಳನ್ನು ಕೊಳ್ಳಲಾಯಿತು, ಇಷ್ಟಾದರೂ ಉಳಿದ ವಾಹನಗಳ ಪಥ ಇಕ್ಕಟ್ಟಾಯಿತೆಂಬ ದೂರು ಅವಳಿನಗರದಲ್ಲಿ ನಿಂತಿಲ್ಲ. ಬೆಂಗಳೂರಿನಲ್ಲಿ 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಹೊರವರ್ತುಲ ರಸ್ತೆಯ ಪಥವೊಂದನ್ನು ಬೇರ್ಪಡಿಸಿ ಬಸ್ಸಿಗೆ ಕೊಟ್ಟರು. ಮೆಟ್ರೊ ಕಾಮಗಾರಿ ಬಂದೊಡನೆ ಅದು ಅಳಿಸಿಹೋಯಿತು. ಇಷ್ಟೆಲ್ಲ ಸಿದ್ಧತೆಯೊಡನೆ ಬಂದ ಚಿಗರಿಗೇ ದೂರು ತಪ್ಪಲಿಲ್ಲವೆಂದ ಮೇಲೆ, ಬಸ್ಸುಗಳೇ ಸಾಲದ ದೆಹಲಿ ಬರಿಯ ಬಣ್ಣದ ಗೆರೆಯಿಂದ ಏನನ್ನು ಸಾಧಿಸಬಲ್ಲದು?

ದೆಹಲಿ ಸರ್ಕಾರದ ಮುಂದಿಡಬೇಕಾದ ಬೇಡಿಕೆ ಸ್ಪಷ್ಟ. 1998ರ ಆದೇಶದ 10,000 ಬಸ್ಸುಗಳು ರಸ್ತೆಗಿಳಿಯಲಿ. ಯಾವ ಮಾರ್ಗದಲ್ಲಿ ಎಷ್ಟು ನಿಮಿಷಕ್ಕೊಂದು ಬಸ್ಸು ಬರುತ್ತದೆಂಬ ಲೆಕ್ಕ ಪ್ರತಿ ತಿಂಗಳು ಪ್ರಕಟವಾಗಲಿ. ನೊಯ್ಡಾ, ಗುರುಗ್ರಾಮಗಳೊಡನೆ ಒಪ್ಪಂದವಾಗಿ ಬಸ್ಸು ಗಡಿ ದಾಟಲಿ. ಅಲ್ಲಿಯವರೆಗೆ ಒಂದು ಪಥವನ್ನೂ ಮುಟ್ಟಬಾರದು. ಮೂಲ್‌ಚಂದ್ ರಸ್ತೆಯ ನಡುವಿನ ನಿಲ್ದಾಣಗಳು ಈಗಿಲ್ಲ. ಪ್ರಯಾಣಿಕರು ಮತ್ತೆ ಎಡಬದಿಯಲ್ಲಿ ಬಿಸಿಲಲ್ಲಿ ನಿಂತು, ತಮ್ಮ ಸಂಖ್ಯೆಯ ಬಸ್ಸು ಬಂತೇ ಎಂದು ದೂರಕ್ಕೆ ಕಣ್ಣು ಹಾಯಿಸುತ್ತಿದ್ದಾರೆ.