ಕಾರು ಬೇಕು, ಆದರೆ ಬೆಂಗಳೂರಿನಲ್ಲಿ ಅಲ್ಲ

ನಮ್ಮ ಕಡೆ ಹುಡುಗನಿಗೆ ಕೆಲಸ ಸಿಕ್ಕಿತು ಎಂದರೆ ಮುಂದಿನ ಪ್ರಶ್ನೆ ‘ಕಾರು ಯಾವಾಗ?’. ಸಂಬಳ ಎಷ್ಟು ಎಂದು ಕೇಳುವುದು ಆಮೇಲೆ. ನನ್ನೂರು ಸಂಸೆ. ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ ಟೀ ತೋಟ ಕಾಣುತ್ತದಲ್ಲ, ಆ ಊರು. ಈ ವರ್ಷ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಈ ಪ್ರಶ್ನೆ ನನಗೂ ಬಂದಿದೆ.

ಮೊದಲು ಲೆಕ್ಕ ನೋಡಿ. 5 ಲಕ್ಷ ರೂಪಾಯಿ ಸಾಲ, ಶೇ 10ರ ಬಡ್ಡಿ, 5 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 10,600 ರೂಪಾಯಿ. ಬಡ್ಡಿಯೇ 1.37 ಲಕ್ಷ ದಾಟುತ್ತದೆ. ಪೆಟ್ರೋಲ್, ವಿಮೆ, ಸರ್ವಿಸ್ ಬೇರೆ. ಪಿಜಿಯಲ್ಲಿ ಮಂಚ ಹಂಚಿಕೊಂಡು ಮಲಗುವವನು ಇಷ್ಟು ಕಟ್ಟಿ, ಕಾರನ್ನು ಯಾರದೋ ಗೇಟಿನ ಮುಂದೆ ನಿಲ್ಲಿಸಿ ಬೈಸಿಕೊಂಡು, ಆಫೀಸಿಗೆ ಮಾತ್ರ ಮೆಟ್ರೊದಲ್ಲಿ ಹೋಗುತ್ತಾನೆ. ಆ ಕಾರು ನಿಜವಾಗಿ ಓಡುವುದು ದೀಪಾವಳಿಗೆ ಊರಿಗೆ ಬರುವಾಗ. ನಾಲ್ಕು ದಿನ ಅಂಗಳದಲ್ಲಿ ನಿಲ್ಲುತ್ತದೆ, ಮತ್ತೆ ಘಟ್ಟ ದಾಟುತ್ತದೆ.

ಹಾಗೆಂದು ‘ಕಾರೇ ದಂಡ’ ಎನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ. ಅವರು ಜುಲೈ ತಿಂಗಳಲ್ಲಿ ಒಮ್ಮೆ ನಮ್ಮ ಕಡೆ ಬಂದು ನೋಡಲಿ. ಭದ್ರೆ ಉಕ್ಕಿದರೆ ಹೆಬ್ಬಾಳೆ ಸೇತುವೆ ಮುಳುಗುತ್ತದೆ, ಕಳಸ–ಹೊರನಾಡು ಸಂಪರ್ಕ ತಪ್ಪುತ್ತದೆ. ದೊಡ್ಡ ಆಸ್ಪತ್ರೆ ಎಂದರೆ ಘಾಟಿ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಇಡೀ ಕೇರಿ ಹುಡುಕುವುದು ಹತ್ತಿರದಲ್ಲಿ ಯಾರ ಮನೆಯಲ್ಲಿ ಗಾಡಿ ಇದೆ ಎಂದು. ಇಲ್ಲಿ ಒಂದು ಮನೆಯ ಗಾಡಿ ಆರು ಮನೆಗೆ ಆಂಬುಲೆನ್ಸ್. ವಾರಾಂತ್ಯದಲ್ಲಿ ಚಾರಣಿಗರನ್ನು ಹತ್ತಿಸಿಕೊಂಡು ಹೋಗುವ ಜೀಪುಗಳೂ ಉಳಿದ ದಿನ ಗೊಬ್ಬರ, ಅಕ್ಕಿಮೂಟೆ, ಬಾಣಂತಿ ಎಲ್ಲವನ್ನೂ ಹೊರುತ್ತವೆ.

ನಮಗೆ ಗಾಡಿ ಇಷ್ಟು ಅನಿವಾರ್ಯ ಆಗಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಕೊಪ್ಪದ ಸಹಕಾರ ಸಾರಿಗೆ ನೆನಪಿದೆಯಲ್ಲ? 1991ರಲ್ಲಿ ಮುಚ್ಚಿದ ಖಾಸಗಿ ಕಂಪನಿಯೊಂದರ ಕಾರ್ಮಿಕರೇ ಸೇರಿ ಕಟ್ಟಿದ ಸಂಸ್ಥೆ. ಮಲೆನಾಡಿನ ಮೂಲೆಮೂಲೆಗೆ ಬಸ್ಸು ಓಡಿಸಿತು, ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟಿತು. ಡೀಸೆಲ್ ಬೆಲೆ, ನಷ್ಟದ ಭಾರ ತಾಳದೆ 2020ರ ಫೆಬ್ರುವರಿಯಲ್ಲಿ ನಿಂತುಹೋಯಿತು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು, ಒಳ್ಳೆಯದೇ. ಆದರೆ ಸರ್ಕಾರಿ ಬಸ್ಸೇ ಅಪರೂಪವಾದ ದಾರಿಯಲ್ಲಿ ಟಿಕೆಟ್ ಉಚಿತವಾದರೆ ಏನು ಬಂತು? ಬಸ್ಸು ಬಾರದ್ದಕ್ಕೆ ನಾವು ಬೈಕು ಕೊಂಡೆವು, ನಾವು ಬೈಕು ಕೊಂಡದ್ದಕ್ಕೆ ಬಸ್ಸಿನ ಸೀಟು ಖಾಲಿಯಾಯಿತು. ಹಾಗಾಗಿ ಊರಿಗೆ ಹೋದಾಗ ಯಾರದೋ ಬೈಕಿನ ಹಿಂದೆ ಕೂರುವ ಅವಕಾಶವಿದ್ದರೂ ಬಸ್ಸು ಸಿಕ್ಕರೆ ಬಸ್ಸನ್ನೇ ಹತ್ತುತ್ತೇನೆ. ಆ ಟಿಕೆಟ್ಟು ನಾಳೆಯೂ ಬಸ್ಸು ಬರಲಿ ಎಂದು ಕೊಡುವ ದುಡ್ಡು.

ಹೋಟೆಲಿನ ವಿಷಯಕ್ಕೂ ನನ್ನದು ಇದೇ ಅಳತೆ. ಕಾಫಿ ಬೆಳೆಯುವ ಸೀಮೆಯಿಂದ ಬಂದವನು 250 ರೂಪಾಯಿ ಕೊಟ್ಟು ಕಾಫಿ ಕುಡಿಯಬಹುದೇ ಎಂದು ಗೆಳೆಯರು ಛೇಡಿಸುತ್ತಾರೆ. ಒಂದು ಕಪ್ಪಿಗೆ 10 ಗ್ರಾಂ ಪುಡಿ ಹಿಡಿಯಿರಿ. ಕೆ.ಜಿ.ಗೆ 800 ರೂಪಾಯಿ ಪುಡಿಯಾದರೂ ಅದು 8 ರೂಪಾಯಿ. ಉಳಿದದ್ದು ಹಾಲು, ಬಾಡಿಗೆ, ಕೆಲಸದವರ ಸಂಬಳ, ಎ.ಸಿ. ಮತ್ತು ವೈ–ಫೈ. ಕೆಲಸ ಹುಡುಕುವಾಗ ಪಿಜಿಯ ಗದ್ದಲದಿಂದ ತಪ್ಪಿಸಿಕೊಂಡು ಎರಡು ಗಂಟೆ ಕೂತು ಆನ್‌ಲೈನ್ ಸಂದರ್ಶನ ಕೊಡಲು ಅಲ್ಲಿಗೆ ಹೋಗುತ್ತಿದ್ದೆ. ಆ ಕುರ್ಚಿಗೆ 250 ರೂಪಾಯಿ ನ್ಯಾಯವೇ. ಫೋಟೊ ಹಾಕಲೆಂದೇ ಹೋದರೆ ದುಬಾರಿ. ಹೊಟ್ಟೆ ತುಂಬಲು ದರ್ಶಿನಿಯ ಇಡ್ಲಿ–ವಡೆ ಸಾಕು. ಹೊರನಾಡಿನಲ್ಲಿ ಬಂದವರಿಗೆಲ್ಲ ಕಾಸು ಕೇಳದೆ ಬಡಿಸುವುದನ್ನು ಕಂಡು ಬೆಳೆದ ನಮಗೆ ಊಟದ ರುಚಿ ಬಿಲ್ಲಿನ ಮೇಲೆ ನಿಂತಿಲ್ಲ ಎಂದು ಯಾರೂ ಹೇಳಿಕೊಡಬೇಕಿಲ್ಲ.

ದುಡ್ಡು ಬಿಚ್ಚುವ ಮುನ್ನ ನಾನು ಕೇಳಿಕೊಳ್ಳುವುದು ಒಂದೇ: ಇದು ಇಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತದೆ, ಯಾರದು ನಿಲ್ಲುತ್ತದೆ? ಬೆಂಗಳೂರಿನಲ್ಲಿ ಕಾರಿಲ್ಲದೆ ನನ್ನ ಯಾವ ಕೆಲಸವೂ ನಿಂತಿಲ್ಲ. ಸಂಸೆಯಲ್ಲಿ ನಿಲ್ಲುತ್ತದೆ.

ಹಾಗಾಗಿ ಮನೆಯಲ್ಲಿ ಹೇಳಿಬಿಟ್ಟಿದ್ದೇನೆ: ಎರಡು ವರ್ಷ ದುಡ್ಡು ಕೂಡಿಡುತ್ತೇನೆ. ಸಾಲ ಕಡಿಮೆಯಾಗುವಂತೆ, ಏರು ಹತ್ತುವ ತಾಕತ್ತಿನ ಹಳೇ ಗಾಡಿಯೊಂದನ್ನು ನೋಡೋಣ. ಅದು ಊರಲ್ಲೇ ಇರಲಿ, ತಂಗಿ ಡ್ರೈವಿಂಗ್ ಕಲಿಯಲಿ. ‘ದುಡಿಯುವವನು ನೀನು, ಗಾಡಿ ಓಡಿಸುವವಳು ಅವಳಾ?’ ಎಂದು ನೆಂಟರು ನಕ್ಕರು. ನಗಲಿ. ಮಳೆಗಾಲದ ರಾತ್ರಿ ಅಲ್ಲಿರುವವಳು ಅವಳು, ನಾನಲ್ಲ.