ಮನೇಲಿ ಉಗಿ ಇಂಜಿನ್ ಕಟ್ಟೋರು, ಹೊಲದಲ್ಲಿ ಬಾಯ್ಲರ್ ಹಚ್ಚೋ ನಾವು

ಈ ಸಲ ಬಾಳೆ ರೇಟಿನ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರ. ಇವತ್ತು ರೈಲು ಇಂಜಿನ್ ಬಗ್ಗೆ ಬರೀತಿದೀನಿ. ನಗಬೇಡಿ, ಪೂರ್ತಿ ಓದಿ. ಕೊನೆಗೆ ನಮ್ಮ ಅರಿಶಿನದ ಹೊಲಕ್ಕೇ ಬಂದು ನಿಲ್ಲುತ್ತೆ.

ನಮ್ಮಣ್ಣನ ಮಗ ಐಟಿಐನಲ್ಲಿ ಫಿಟ್ಟರ್ ಓದಿದಾನೆ. ಎರಡು ತಿಂಗಳ ಹಿಂದೆ ಮೊಬೈಲಲ್ಲಿ ಒಂದು ವಿಡಿಯೋ ತೋರಿಸ್ದ. ಇಂಗ್ಲೆಂಡಿನಲ್ಲಿ ವಯಸ್ಸಾದವರೊಬ್ಬರು ಮನೆ ಹಿಂದಿನ ಶೆಡ್ಡಲ್ಲಿ ಸ್ವಂತ ಕೈಯಿಂದ ಉಗಿ ರೈಲು ಇಂಜಿನ್ ಕಟ್ಟಿದಾರೆ. ನಮ್ಮಲ್ಲಿ ಮೇಟ್ಟುಪಾಳ್ಯದಿಂದ ಕೂನೂರು ಬೆಟ್ಟ ಹತ್ತೋ ಊಟಿ ರೈಲು ನೋಡಿದೀರಲ್ಲ, ಆ ಥರದ ಇಂಜಿನ್ನೇ, ಅಳತೆ ಮಾತ್ರ ಎಂಟರಲ್ಲಿ ಒಂದು ಪಾಲು. ಹಳಿಯ ಅಗಲ ಏಳೂಕಾಲು ಇಂಚು. ನಿಜವಾದ ಕಲ್ಲಿದ್ದಲು, ನಿಜವಾದ ನೀರು, ನಿಜವಾದ ಉಗಿ. ಹಿಂದೆ ಗಾಡಿ ಕಟ್ಟಿ ಹತ್ತು ಜನರನ್ನ ಕೂರಿಸಿದ್ರೆ ಸಲೀಸಾಗಿ ಎಳ್ಕೊಂಡು ಹೋಗ್ತದೆ.

"ಚಿಕ್ಕಪ್ಪ, ನಾನೂ ಒಂದು ಮಾಡ್ತೀನಿ" ಅಂದ. ಮಾಡಪ್ಪ ಅಂದೆ. "ಬಾಯ್ಲರಿಗೆ ಹಳೇ ಗ್ಯಾಸ್ ಸಿಲಿಂಡರ್ ಕೊಯ್ದು ವೆಲ್ಡ್ ಹೊಡೆದ್ರೆ ಸಾಕು" ಅಂದ. ಅಲ್ಲಿಗೆ ನನ್ನ ಎದೆ ಧಸಕ್ ಅಂತು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಅವತ್ತಿಂದ ರಾತ್ರಿ ಊಟ ಆದ್ಮೇಲೆ ಇದೇ ಕೆಲಸ. ಇಂಗ್ಲಿಷ್ ಇರೋದನ್ನ ಅವನು ಓದಿ ಹೇಳ್ತಾನೆ, ನಾನು ಕೇಳ್ತೀನಿ. ಟೀ ಅಂಗಡೀಲಿ ಹೇಳಿದ್ರೆ, "ಕೆಲಸ ಇಲ್ದೋರ ಕೆಲಸ ಕಣಯ್ಯ, ಒಂದು ಆಟದ ಸಾಮಾನಿಗೆ ಹತ್ತು ವರ್ಷವಾ?" ಅಂತ ನಕ್ಕರು. ನನ್ನ ಪ್ರಕಾರ ಆ ನಗೋರ ಮಾತೂ ತಪ್ಪು, ನಮ್ಮ ಹುಡುಗನ ಸಿಲಿಂಡರ್ ಮಾತೂ ತಪ್ಪು. ಎರಡೂ ಯಾಕೆ ತಪ್ಪು ಅಂತ ಹೇಳೋಕೇ ಇಷ್ಟು ಬರೀತಿರೋದು.

ಮೊದಲು ನಗೋರಿಗೆ. ಇದು ಇವತ್ತಿನ ಶೋಕಿ ಅಲ್ಲ. ಮನೇಲಿ ಇಂಜಿನ್ ಕಟ್ಟೋರಿಗೆ ಅಂತಾನೇ ಇಂಗ್ಲೆಂಡಿನಲ್ಲಿ 1898ರಲ್ಲಿ ಪರ್ಸಿವಲ್ ಮಾರ್ಷಲ್ ಅನ್ನೋರು 'ಮಾಡೆಲ್ ಇಂಜಿನಿಯರ್' ಅಂತ ಪತ್ರಿಕೆ ಶುರು ಮಾಡಿದ್ರು. 1920ರ ದಶಕದಲ್ಲಿ ಅದರಲ್ಲಿ ಒಬ್ಬರು ಬರೆಯೋಕೆ ಶುರು ಮಾಡಿದ್ರು. ರೈಲ್ವೇಲಿ ದುಡಿದ ಮನುಷ್ಯ, ತಾವು ದುಡಿದ ರೈಲ್ವೆ ಕಂಪನಿ ಹೆಸರಿನ ಮೊದಲಕ್ಷರಗಳನ್ನೇ ಇಟ್ಕೊಂಡು ಎಲ್‌ಬಿಎಸ್‌ಸಿ ಅಂತ ಬರೀತಿದ್ರು. ಚಿಕ್ಕ ಇಂಜಿನ್ನಿಗೆ ಸ್ಪಿರಿಟ್ ದೀಪವೇ ಸರಿ, ದೊಡ್ಡ ಇಂಜಿನ್ನಿನ ಹಾಗೆ ಕಲ್ಲಿದ್ದಲು ಹಾಕಿ ಜನರನ್ನ ಎಳೆಸೋಕೆ ಆಗಲ್ಲ ಅಂತ ಆಗ ಹೆಸರಾದವರು ವಾದ ಮಾಡ್ತಿದ್ರು. ಇವರು ಎರಡೂವರೆ ಇಂಚು ಹಳಿಯ ಇಂಜಿನ್ನಿಗೆ ಕಲ್ಲಿದ್ದಲು ಹಾಕಿ ಜನರನ್ನ ಕೂರಿಸಿ ಎಳೆಸಿಯೇ ತೋರಿಸಿದ್ರು. ಎರಡೂವರೆ ಇಂಚು ಅಂದ್ರೆ ನನ್ನ ಅಂಗೈ ಅಗಲಕ್ಕಿಂತ ಕಮ್ಮಿ. ಆಮೇಲೆ ವರ್ಷಗಟ್ಟಲೆ, ಸಣ್ಣ ಲೇತ್ ಇರೋ ಸಾಮಾನ್ಯನೂ ಕಟ್ಟೋ ಹಾಗೆ ಒಂದೊಂದು ಭಾಗ ಬಿಡಿಸಿ ಬರೆದ್ರು. ವಿದ್ಯೆಯನ್ನ ಗುಟ್ಟು ಮಾಡದೆ ಹಂಚಿದೋರನ್ನ ಕೆಲಸ ಇಲ್ದೋರು ಅನ್ನೋಕೆ ನನಗೆ ಮನಸ್ಸು ಬರಲ್ಲ.

ಕಟ್ಟೋ ಕ್ರಮ ನೋಡಿ. ಮೊದಲು ನಕ್ಷೆ. ಆಮೇಲೆ ಉಕ್ಕಿನ ಪಟ್ಟಿ ಕೊಯ್ದು ಚಾಸಿ. ಚಕ್ರ, ಸಿಲಿಂಡರ್ ಇವೆಲ್ಲ ಎರಕ ಹೊಯ್ಸಿದ್ದು ತಂದು, ಲೇತಿನಲ್ಲಿ ಕೂದಲೆಳೆ ಲೆಕ್ಕದಲ್ಲಿ ಕಡೀಬೇಕು. ಪಿಸ್ಟನ್ನು, ಅದಕ್ಕೆ ಉಗಿ ಬಿಡೋ ವಾಲ್ವು, ಚಕ್ರ ತಿರುಗಿಸೋ ರಾಡು. ಇಷ್ಟಾದ ಮೇಲೆ ಬಾಯ್ಲರ್ ಇಲ್ಲದೇನೇ ಕಂಪ್ರೆಸರ್ ಗಾಳಿ ಕೊಟ್ಟು ಚಕ್ರ ತಿರುಗಿಸಿ ನೋಡ್ತಾರೆ. ಗಾಳಿಗೆ ಮೆತ್ತಗೆ, ಸಮವಾಗಿ ತಿರುಗಿದ್ರೆ ಕೆಳಗಿನ ಕೆಲಸ ಸರಿ ಅಂತ ಅರ್ಥ. ಇಷ್ಟಕ್ಕೇ ಎಷ್ಟೋ ಜನರಿಗೆ ನಾಲ್ಕೈದು ವರ್ಷ ಹಿಡಿಯುತ್ತೆ. ತೆಂಗಿನ ಸಸಿ ನೆಟ್ಟು ಫಸಲಿಗೆ ಕಾಯೋ ನಮಗೆ ಇದು ಅರ್ಥ ಆಗಬೇಕು.

ಇನ್ನು ನಮ್ಮ ಹುಡುಗನ ಮಾತಿಗೆ ಬರ್ತೀನಿ. ದೊಡ್ಡ ಇಂಜಿನ್ನನ್ನ ಚಿಕ್ಕದು ಮಾಡೋದು ಅಂದ್ರೆ ಬರೀ ಅಳತೆ ಕುಗ್ಗಿಸೋದಲ್ಲ. ಎಂಟರಲ್ಲಿ ಒಂದು ಪಾಲು ಮಾಡಿದ್ರೆ ಬಾಯ್ಲರಿನ ಮೈ 64ರಲ್ಲಿ ಒಂದು ಪಾಲಾಗುತ್ತೆ, ಹಿಡಿಯೋ ನೀರು 512ರಲ್ಲಿ ಒಂದು ಪಾಲಾಗುತ್ತೆ. ಅಂದ್ರೆ ಇರೋ ನೀರಿಗೆ ಮೈ ಜಾಸ್ತಿ. ಹಂಡೆ ನೀರು ಹೊತ್ತು ಹೋದ್ರೂ ಬಿಸಿ ಇರುತ್ತೆ, ಚೊಂಬಿನ ನೀರು ಬೇಗ ಆರುತ್ತೆ, ಹಂಗೇ ಇದು. ಕಲ್ಲಿದ್ದಲು, ಬೆಂಕಿ, ಉಗಿ ಇವು ನಾವು ಹೇಳಿದ ಹಾಗೆ ಚಿಕ್ಕದಾಗಲ್ಲ. ಅದಕ್ಕೇ ಬೆಂಕಿಯ ಹೊಗೆ ಹಾಯೋ ಕೊಳವೆಗಳನ್ನ ಲೆಕ್ಕಕ್ಕಿಂತ ದಪ್ಪ ಇಟ್ಟು ಸಂಖ್ಯೆ ಕಮ್ಮಿ ಮಾಡ್ತಾರೆ. ನೀರೂ ಕಮ್ಮಿ ಇರೋದ್ರಿಂದ ಸ್ವಲ್ಪ ಮೈಮರೆತ್ರೂ ಮಟ್ಟ ಇಳಿದು ಬೆಂಕಿಪೆಟ್ಟಿಗೆಯ ನೆತ್ತಿ ಬರಿದಾಗುತ್ತೆ. ನೀರು ಬಿಟ್ಟ ನೆತ್ತಿ ಕಾದು ಮೆತ್ತಗಾದ್ರೆ ಮುಗೀತು. ಅದಕ್ಕೆ ನೀರಿನ ಮಟ್ಟ ತೋರಿಸೋ ಗಾಜು ಇರಲೇಬೇಕು, ನೀರು ತುಂಬೋಕೆ ಒಂದಲ್ಲ, ಎರಡು ದಾರಿ ಇರಬೇಕು. ಒಂದು ಕೈಪಂಪು, ಇನ್ನೊಂದು ಇಂಜೆಕ್ಟರ್ ಅಂತ ಇಟ್ಕೊಳ್ಳಿ. ಈ ಇಂಜೆಕ್ಟರ್ ಅನ್ನೋದನ್ನ ಫ್ರಾನ್ಸಿನ ಗಿಫಾರ್ ಅನ್ನೋರು 1858ರಲ್ಲಿ ಕಂಡುಹಿಡಿದ್ರು. ಉಗಿಯ ಬಲದಿಂದಲೇ ನೀರನ್ನ ಅದೇ ಬಾಯ್ಲರೊಳಗೆ ನುಗ್ಗಿಸುತ್ತೆ.

ಒತ್ತಡದ ಲೆಕ್ಕ ಹೇಳ್ತೀನಿ. ಇಂಥ ಬಾಯ್ಲರ್ ಸಾಮಾನ್ಯವಾಗಿ ಚದರ ಇಂಚಿಗೆ 80ರಿಂದ 100 ಪೌಂಡ್ ಒತ್ತಡದಲ್ಲಿ ಓಡುತ್ತೆ. 100 ಪೌಂಡ್ ಅಂದ್ರೆ ಚದರ ಸೆಂಟಿಮೀಟರಿಗೆ ಸುಮಾರು 7 ಕೆಜಿ. 15 ಸೆಂಟಿಮೀಟರ್ ಉದ್ದ, 15 ಅಗಲದ ಒಂದು ತಗಡು ತಗೊಳ್ಳಿ, ಊಟದ ತಟ್ಟೆಗಿಂತ ಚಿಕ್ಕದು. ಅದರ ಮೇಲೆ ಬೀಳೋ ಭಾರ 1,575 ಕೆಜಿ. ಅಂದ್ರೆ 45 ಕೆಜಿಯ ಯೂರಿಯಾ ಮೂಟೆ 35. ಚಪ್ಪಟೆ ತಗಡು ಅಷ್ಟನ್ನ ತಡೀಬೇಕಂದ್ರೆ ನಡುನಡುವೆ ಮೊಳೆ ಥರದ ಆಧಾರ ಕೊಟ್ಟು ಎರಡು ತಗಡನ್ನ ಹಿಡಿದಿಡಬೇಕು. ಅಲ್ಲಿನೋರು ಹೆಚ್ಚಾಗಿ ತಾಮ್ರದಲ್ಲಿ ಮಾಡಿ, ಬೆಳ್ಳಿ ಸೇರಿದ ಬೆಸುಗೆ ಹಾಕ್ತಾರೆ. ಆ ಒತ್ತಡದಲ್ಲಿ ಒಳಗಿನ ನೀರು ನೂರಲ್ಲ, 170 ಡಿಗ್ರಿ ಹತ್ತಿರ ಕಾದಿರುತ್ತೆ. ಬಾಯ್ಲರ್ ಒಡೆದ್ರೆ ಆ ನೀರಲ್ಲಿ ಒಂದು ಪಾಲು ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಉಗಿ ಆಗುತ್ತೆ. ಒಂದು ಲೀಟರ್ ನೀರು ಉಗಿಯಾದ್ರೆ ಸುಮಾರು 1,600 ಲೀಟರ್ ಜಾಗ ಬೇಡುತ್ತೆ. ಜಾಗ ಕೊಡೋಕೆ ಎದುರಿಗೆ ನಿಂತಿರೋರು ನಾವೇ.

ಈಗ ಸಿಲಿಂಡರ್. ಒಂದನೇದು, ಅದು ನಮ್ಮದಲ್ಲ, ಗ್ಯಾಸ್ ಕಂಪನೀದು. ಎರಡನೇದು, ಒಳಗೆ ಉಳಿದ ಗ್ಯಾಸಿಗೆ ಕೊಯ್ಯುವಾಗಲೇ ಬೆಂಕಿ ಹತ್ತಬಹುದು. ಮೂರನೇದು, "ಅದು ಗಟ್ಟಿ ಚಿಕ್ಕಪ್ಪ, ಟೆಸ್ಟ್ ಆಗಿದೆ" ಅಂತಾನಲ್ಲ, ಟೆಸ್ಟ್ ಆಗಿದ್ದು ಇಡೀ ಸಿಲಿಂಡರು. ನೀನು ಕೊಯ್ದು, ತೂತು ಕೊರೆದು, ವೆಲ್ಡ್ ಹೊಡೆದ ಮೇಲೆ ಅದು ಬೇರೆ ಪಾತ್ರೆ. ಅದನ್ನ ಯಾರೂ ಪರೀಕ್ಷೆ ಮಾಡಿಲ್ಲ. ಒಳಗಿಂದ ತುಕ್ಕು ತಿಂದು ತೆಳ್ಳಗಾಗೋದೂ ಹೊರಗೆ ಕಾಣಲ್ಲ.

ನನ್ನನ್ನ ನಿಜವಾಗಿ ಹಿಡಿದು ನಿಲ್ಲಿಸಿದ್ದು ಇಂಜಿನ್ ಅಲ್ಲ, ಅದರ ಪರೀಕ್ಷೆ. ಆ ವಿಡಿಯೋದ ಯಜಮಾನರು ವರ್ಷಗಟ್ಟಲೆ ಕಷ್ಟಪಟ್ಟು ಮುಗಿಸಿದ ಬಾಯ್ಲರನ್ನ ಬೆಂಕಿ ಹಚ್ಚೋ ಮೊದಲು ಇನ್ನೊಬ್ಬರ ಮುಂದೆ ತಂದಿಟ್ರು. ಅಲ್ಲಿನ ಸಂಘಗಳಲ್ಲಿ ಹಂಗೇ ನಿಯಮ. ಸಂಘದ ಅನುಭವಸ್ಥರೇ ಪರೀಕ್ಷೆ ಮಾಡ್ತಾರೆ, ಆದ್ರೆ ತನ್ನ ಬಾಯ್ಲರಿಗೆ ತಾನೇ ಸರ್ಟಿಫಿಕೇಟ್ ಕೊಟ್ಕೊಳ್ಳೋ ಹಾಗಿಲ್ಲ. ಬಾಯ್ಲರಿನಲ್ಲಿ ತಣ್ಣೀರು ಪೂರ್ತಿ ತುಂಬಿ, ಗಾಳಿ ಎಲ್ಲ ಹೊರಗೆ ಬಿಟ್ಟು, ಕೈಪಂಪಿನಲ್ಲಿ ಒತ್ತಡ ಏರಿಸ್ತಾರೆ. ಹೊಸ ಬಾಯ್ಲರಾದ್ರೆ ಓಡೋ ಒತ್ತಡದ ಎರಡರಷ್ಟು, ಮುಂದಿನ ಪರೀಕ್ಷೆಗಳಿಗೆ ಒಂದೂವರೆಯಷ್ಟು. ಯಾಕೆ ತಣ್ಣೀರು? ನೀರು ಗಾಳಿ ಥರ ಕುಗ್ಗಿ ಕೂರಲ್ಲ. ಎಲ್ಲಾದ್ರೂ ಬಿರುಕು ಬಿಟ್ರೆ ಪಿಚಕ್ ಅಂತ ನೀರು ಸೋರಿ ಒತ್ತಡ ಇಳಿದುಬಿಡುತ್ತೆ, ಸಿಡಿಯಲ್ಲ. ಅದಾದ್ಮೇಲೆ ಉಗಿ ಪರೀಕ್ಷೆ. ಜೋರಾಗಿ ಬೆಂಕಿ ಕೊಟ್ರೂ ಸೇಫ್ಟಿ ವಾಲ್ವ್ ಒತ್ತಡವನ್ನ ನೂರಕ್ಕೆ ಹತ್ತಕ್ಕಿಂತ ಮೇಲೆ ಏರೋಕೆ ಬಿಡಬಾರದು. ಪಾಸಾಗದ ಇಂಜಿನ್ನು ಸಂಘದ ಹಳಿ ಮೇಲೆ ಹತ್ತಲ್ಲ, ಎಷ್ಟು ಚೆಂದ ಇದ್ರೂ ಅಷ್ಟೇ.

ಇನ್ನೊಂದು ವಿಷಯ. ಉಳಿದಿದ್ದೆಲ್ಲ ಸ್ವಂತ ಮಾಡಿ ಬಾಯ್ಲರ್ ಮಾತ್ರ ಕಸುಬುದಾರರಿಂದ ಮಾಡಿಸೋರೂ ಬೇಕಾದಷ್ಟು ಜನ ಇದಾರೆ. ಅದರಲ್ಲಿ ಅವಮಾನ ಏನಿಲ್ಲ. ಇಂಗ್ಲೆಂಡಿನಲ್ಲಿ ಉಗಿಪ್ರಿಯರು ಸೇರಿ ಜನರ ಚಂದಾ ಹಣದಲ್ಲಿ 'ಟೊರ್ನೇಡೊ' ಅಂತ ಪೂರ್ತಿ ಅಳತೆಯ ಹೊಸ ಇಂಜಿನ್ನೇ ಕಟ್ಟಿದ್ರು. 1990ರಲ್ಲಿ ಶುರುವಾಗಿ 2008ರಲ್ಲಿ ಓಡ್ತು. ಅದರ ಬಾಯ್ಲರನ್ನ ಮಾಡಿಸಿದ್ದು ಜರ್ಮನಿಯ ಮೈನಿಂಗನ್ ಕಾರ್ಖಾನೇಲಿ.

ಈಗ ನನ್ನ ಎದೆ ಯಾಕೆ ಧಸಕ್ ಅಂತು ಅಂತ ಹೇಳ್ತೀನಿ. ಮೂರು ವರ್ಷದ ಹಿಂದೆ ಫೆಬ್ರವರೀಲಿ ನಮ್ಮ ಹೊಲಕ್ಕೆ ಅರಿಶಿನ ಬೇಯಿಸೋ ಬಾಯ್ಲರ್ ಬಾಡಿಗೆಗೆ ಬಂದಿತ್ತು. ಸೇಫ್ಟಿ ವಾಲ್ವ್ ಬುಸ್ ಬುಸ್ ಅಂತ ಉಗಿ ಬಿಡ್ತಾನೇ ಇತ್ತು. ಸೌದೆ ಸುಮ್ಮನೆ ಹಾಳು, ಡ್ರಮ್ಮು ಬೇಯೋದು ತಡ, ಪಕ್ಕದ ಹೊಲದೋರು ಬಾಯ್ಲರ್ ಯಾವಾಗ ಬಿಡ್ತೀರಿ ಅಂತ ಮೂರು ಸಲ ಬಂದು ಹೋಗಿದ್ರು. ಆಗ "ಅದಕ್ಕೊಂದು ತಂತಿ ಬಿಗೀರೋ" ಅಂದೋನು ನಾನೇ. ಕೆಲಸದ ಹುಡುಗ ಬಿಗಿದ. ಬುಸ್ ಅನ್ನೋದು ನಿಂತಿತು, ಎಲ್ಲರಿಗೂ ಸಮಾಧಾನ ಆಯ್ತು. ಅರ್ಧ ಗಂಟೇಲಿ ಉಗಿ ಪೈಪಿನ ಜಾಯಿಂಟ್ ಕಿತ್ಕೊಂಡು, ಡ್ರಮ್ಮಿನ ಹತ್ರ ನಿಂತಿದ್ದ ಅಣ್ಣನ ಮಗನ ಬಲಗೈ ಮಣಿಕಟ್ಟಿಂದ ಮೊಣಕೈ ತನಕ ಬೆಂದುಹೋಯ್ತು. ಎರಡು ತಿಂಗಳು ತುತ್ತು ಕಲಸೋಕೂ ಆಗ್ಲಿಲ್ಲ ಅವನಿಗೆ. ಈಗ ಇಂಜಿನ್ ಕಟ್ತೀನಿ ಅಂತಿರೋನು ಅವನೇ, ಅದೇ ಕೈಯಲ್ಲಿ.

ಜಾಯಿಂಟ್ ಸರಿ ಇರ್ಲಿಲ್ಲ ಅಂತ ಮನೇಲಿ ಎಲ್ಲರೂ ನಂಬಿದ್ರು. ನಾನು ಸುಮ್ಮನಿದ್ದೆ. ಸಿಲಿಂಡರ್ ಮಾತು ಬಂದ ದಿನ ರಾತ್ರಿ ಅವನಿಗೆ ತಂತಿ ವಿಷಯ ಹೇಳಿಬಿಟ್ಟೆ. ಬಹಳ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ಗೇಜಲ್ಲಿ ಎಷ್ಟಿತ್ತು ಚಿಕ್ಕಪ್ಪ?" ಅಂತ ಕೇಳ್ದ. ಗೇಜಿನ ಗಾಜು ಮಸಿ ಹಿಡಿದಿತ್ತು, ನಾವ್ಯಾರೂ ನೋಡೇ ಇರ್ಲಿಲ್ಲ. ಅದನ್ನೂ ಹೇಳಿದೆ.

ಹಾಗಂತ ಅವನಿಗೆ ಕಟ್ಟಬೇಡ ಅಂತ ಹೇಳ್ಲಿಲ್ಲ. ಕಟ್ಟು ಅಂದೆ. ಆದ್ರೆ ಮೊದಲು ಚಾಸಿ, ಚಕ್ರ, ಸಿಲಿಂಡರ್ ಕಟ್ಟಿ ಗಾಳಿಗೆ ತಿರುಗಿಸಿ ತೋರಿಸು. ಅದಕ್ಕೆ ಐದು ವರ್ಷ ಆಗ್ಲಿ. ಬಾಯ್ಲರನ್ನ ಗೊತ್ತಿರೋರ ಹತ್ರ ತಾಮ್ರದಲ್ಲೇ ಮಾಡಿಸೋಣ, ಒಂದು ಬೆಳೆ ಅರಿಶಿನದ ದುಡ್ಡಲ್ಲಿ ಸ್ವಲ್ಪ ಭಾಗ ನಾನು ಕೊಡ್ತೀನಿ. ತಣ್ಣೀರಿನ ಪರೀಕ್ಷೆ ನಮ್ಮ ಮನೆಯೋರು ಅಲ್ಲದ ಇನ್ನೊಬ್ಬ ತಿಳಿದೋರ ಕಣ್ಣೆದುರು ಆಗಬೇಕು. ಒಪ್ಪಿದಾನೆ.

ಕೆಲವರು ಕಾನೂನು ಏನು ಹೇಳುತ್ತೆ ಅಂತ ಕೇಳಬಹುದು. ನಮ್ಮ ದೇಶದಲ್ಲಿ 1923ರಿಂದ ಬಾಯ್ಲರ್ ಕಾನೂನು ಇದೆ, 2025ರಲ್ಲಿ ಅದನ್ನ ಹೊಸದಾಗಿ ಬರೆದಿದಾರೆ. 25 ಲೀಟರಿಗಿಂತ ಕಮ್ಮಿ ಹಿಡಿಯೋದು, ಅಥವಾ ಚದರ ಸೆಂಟಿಮೀಟರಿಗೆ 1 ಕೆಜಿಗಿಂತ ಕಮ್ಮಿ ಒತ್ತಡದ್ದು ಅದರ ಲೆಕ್ಕಕ್ಕೆ ಬರಲ್ಲ. ಸಣ್ಣ ಅಳತೆಯ ಮಾದರಿ ಇಂಜಿನ್ನಿನ ಬಾಯ್ಲರ್ ಎಷ್ಟೋ ಸಲ ಅದಕ್ಕಿಂತ ಚಿಕ್ಕದಿರುತ್ತೆ. ಆದ್ರೆ ಕಾನೂನು ಬಿಟ್ರೂ ಉಗಿ ಬಿಡಲ್ಲ. ಇಂಗ್ಲೆಂಡಿನ ಆ ಸಂಘದೋರು ತಮ್ಮೊಳಗೇ ಒಬ್ಬರ ಬಾಯ್ಲರನ್ನ ಇನ್ನೊಬ್ಬರು ನೋಡೋ ಪದ್ಧತಿ ಇಟ್ಕೊಂಡಿರೋದು ಅದಕ್ಕೇ. ನಮಗೆ ಯಾರಾದ್ರೂ "ಇದು ಸರಿ ಇದೆಯಾ?" ಅಂದ್ರೆ ಕೋಪ ಬರುತ್ತೆ, ನನಗೇನು ಗೊತ್ತಿಲ್ವಾ ಅಂತೀವಿ. ನನಗೂ ಗೊತ್ತಿತ್ತು ಅನ್ಕೊಂಡೇ ತಂತಿ ಬಿಗಿಸಿದ್ದು.

ಅದಕ್ಕೆ ಈ ಸಲ ಬೇಯಿಸೋ ಕಾಲಕ್ಕೆ ನಮ್ಮ ಸುತ್ತಮುತ್ತಲಿನೋರಿಗೆಲ್ಲ ಒಂದು ಮಾತು. ಬಾಯ್ಲರ್ ನಿಮ್ಮ ಹೊಲಕ್ಕೆ ಬಂದಾಗ ಬೆಂಕಿ ಹಚ್ಚೋ ಮೊದಲು ಮೂರು ನೋಡಿ: ಗೇಜಿನ ಮುಳ್ಳು ಕಾಣುತ್ತಾ, ನೀರಿನ ಮಟ್ಟ ಕಾಣುತ್ತಾ, ಸೇಫ್ಟಿ ವಾಲ್ವಿಗೆ ತಂತಿ, ಕಲ್ಲು, ಏನಾದ್ರೂ ಕಟ್ಟಿದಾರಾ. ತಣ್ಣೀರಿನ ಪರೀಕ್ಷೆ ಯಾವಾಗ ಆಯ್ತು ಅಂತ ಬಾಯ್ಲರಿನೋರನ್ನ ಕೇಳಿ. ಬೈದ್ರೆ ಬೈಸ್ಕೊಳ್ಳಿ. ನಮ್ಮ ಹೊಲಕ್ಕೆ ಬಂದಾಗ ನೀವು ಬಂದು ನೋಡಿ, ನಿಮ್ಮ ಹೊಲಕ್ಕೆ ಬಂದಾಗ ನಾನು ಬರ್ತೀನಿ, ಒಂದು ಫೋನ್ ಮಾಡಿ. ವಾಲ್ವ್ ಬುಸ್ ಅಂದ್ರೆ ಬೆಂಕಿ ತೆಗೀರಿ, ವಾಲ್ವಿನ ಬಾಯಿ ಮುಚ್ಚಬೇಡಿ.

ಹುಡುಗ ನಿನ್ನೆ ಚಾಸಿಗೆ ಉಕ್ಕಿನ ಪಟ್ಟಿ ತಂದಿದಾನೆ. ಕೊಟ್ಟಿಗೆ ಪಕ್ಕ ಸ್ವಲ್ಪ ಜಾಗ ಖಾಲಿ ಮಾಡಿ ಕೊಟ್ಟಿದೀನಿ. ಬಾಳೆ ರೇಟು ಮುಂದಿನ ವಾರ ಖಂಡಿತ.